ಪಕ್ಕದ ಶೆಡ್ಡಿನ ಸಪ್ಪಳ

ಗಿರೀಶ ಕಾಸರವಳ್ಳಿಯವರ ‘ಮನೆ’ ಸಿನಿಮಾದಲ್ಲಿ ತೊಂದರೆ ಶುರುವಾಗುವುದು ಮನೆಯೊಳಗಲ್ಲ, ಪಕ್ಕದ ಶೆಡ್ಡಿನಲ್ಲಿ. ಹಳ್ಳಿಯ ಕೂಡುಕುಟುಂಬದಿಂದ ಬಿಡಿಸಿಕೊಂಡು ನಗರಕ್ಕೆ ಬಂದ ರಾಜಣ್ಣ ಮತ್ತು ಗೀತಾ ತಮ್ಮ ಕೈಗೆಟಕುವ ಬಾಡಿಗೆಗೆ ಒಂದು ಕೋಣೆ ಹಿಡಿಯುತ್ತಾರೆ. ಗಂಡ ಹೆಂಡತಿ ಇಬ್ಬರೇ ಇರುವ ಒಂದು ಜಾಗ ಸಿಕ್ಕಿತು ಎಂಬ ಸಂಭ್ರಮ ಬಹಳ ದಿನ ಬಾಳುವುದಿಲ್ಲ. ಪಕ್ಕದ ಶೆಡ್ಡಿನಲ್ಲಿ ನಡೆಯುವ ಕೆಲಸದ ಸಪ್ಪಳ ಅವರ ನಿದ್ದೆಯನ್ನು, ಮಾತನ್ನು, ಕೊನೆಗೆ ಸಂಸಾರವನ್ನೇ ಕೆಡಿಸಲು ಶುರು ಮಾಡುತ್ತದೆ. ಬಳಗದ ಹಿರಿಯ ಹೆಂಗಸೊಬ್ಬಳ ಮೂಲಕ ಪೊಲೀಸ್ ಅಧಿಕಾರಿಯೊಬ್ಬನ ಪರಿಚಯವಾಗುತ್ತದೆ. ಅವನ ಪ್ರಭಾವದಿಂದ ಶೆಡ್ಡು ಖಾಲಿಯಾಗುತ್ತದೆ. ನೆಮ್ಮದಿ ಮಾತ್ರ ಬರುವುದಿಲ್ಲ.

1990ರ ದಶಕದ ಆರಂಭದ ಈ ಚಿತ್ರಕ್ಕೆ ಟಿ.ಜಿ. ರಾಘವ ಅವರ ಕಥೆ ಆಧಾರ. ನಾಸಿರುದ್ದೀನ್ ಶಾ ಮತ್ತು ದೀಪ್ತಿ ನವಲ್ ದಂಪತಿಯಾಗಿದ್ದಾರೆ, ಬಳಗದ ಆ ಹೆಂಗಸಾಗಿ ರೋಹಿಣಿ ಹಟ್ಟಂಗಡಿ. ‘ಏಕ್ ಘರ್’ ಎಂಬ ಹೆಸರಿನಲ್ಲಿ ಹಿಂದಿಯಲ್ಲೂ ಬಂತು. ‘ಘಟಶ್ರಾದ್ಧ’, ‘ತಬರನ ಕಥೆ’ಗಳ ಬಗ್ಗೆ ನಡೆದಷ್ಟು ಚರ್ಚೆ ಇದರ ಬಗ್ಗೆ ನಡೆದಿಲ್ಲ. ಕಾಲೇಜಿನ ಚಿತ್ರೋತ್ಸವಗಳಲ್ಲಿ ತಬರನನ್ನು ತೋರಿಸುತ್ತಾರೆ, ರಾಜಣ್ಣನನ್ನು ತೋರಿಸುವುದಿಲ್ಲ. ಕಾರಣ ಊಹಿಸಬಹುದು. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನ ಮೇಲೆ ಕನಿಕರ ಪಡುವುದು ಸುಲಭ. ರಾಜಣ್ಣನ ಮೇಲೆ ಕನಿಕರ ಪಟ್ಟ ಮರುಗಳಿಗೆಯೇ ಅವನ ಜೊತೆ ಸೇರಿ ನಾವೂ ಒಂದು ಶೆಡ್ಡನ್ನು ಖಾಲಿ ಮಾಡಿಸಿರುತ್ತೇವೆ.

ಈ ಚಿತ್ರವನ್ನು ಇವತ್ತು ಮತ್ತೆ ನೋಡಬೇಕು ಅನ್ನಿಸಿದ್ದು ಒಂದು ಅರ್ಜಿಯ ಕಾರಣಕ್ಕೆ. ಅಗ್ಗದ ಮನೆಯನ್ನು ಈಗ ಮಾಲೀಕನ ಮನೆ ಬಾಗಿಲು ಬಡಿದು ಹುಡುಕುವವರ ಜೊತೆಗೆ, ಆನ್‌ಲೈನಿನಲ್ಲಿ ಅರ್ಜಿ ಹಾಕಿ ಕಾಯುವವರೂ ಬಹಳ ಮಂದಿ ಇದ್ದಾರೆ. 1962ರ ಕಾಯ್ದೆಯ ಕರ್ನಾಟಕ ಗೃಹ ಮಂಡಳಿ ಇದೆ, ಬೆಂಗಳೂರಿಗೆ ಬಿಡಿಎ ಇದೆ, ಕೊಳಗೇರಿ ಅಭಿವೃದ್ಧಿ ಮಂಡಳಿ, ರಾಜೀವ್ ಗಾಂಧಿ ವಸತಿ ನಿಗಮ ಇವೆ. 2015ರಿಂದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗವೂ ಸೇರಿಕೊಂಡಿತು. ವರ್ಷಕ್ಕೆ 3 ಲಕ್ಷದೊಳಗಿನ ಆದಾಯದವರನ್ನು ‘ಆರ್ಥಿಕವಾಗಿ ದುರ್ಬಲ ವರ್ಗ’ ಎಂದು ಕರೆದು, ಅವರ ಮನೆಯ ಒಳಅಳತೆ 30 ಚದರ ಮೀಟರ್ ತನಕ ಎಂದು ಆ ಯೋಜನೆ ಗೊತ್ತು ಮಾಡಿತು. ನಮ್ಮ ಲೆಕ್ಕದಲ್ಲಿ ಅದು 323 ಚದರ ಅಡಿ. ರಾಜಣ್ಣ–ಗೀತಾರ ಕೋಣೆಗಿಂತ ಇದು ದೊಡ್ಡದೇ ಇರಬಹುದು. ಆದರೆ ಅವರು ಮನೆಗೆ ಬಂದ ಮೇಲೆ ಸಪ್ಪಳ ಕೇಳಿದರು. ಅರ್ಜಿದಾರನಾದವನು ಕೇಳಿಸದಿರುವ ಸಪ್ಪಳವನ್ನು, ಇನ್ನೂ ಮೂಗಿಗೆ ತಾಗದ ವಾಸನೆಯನ್ನು ಮೊದಲೇ ತೂಗಿ ನೋಡಬೇಕು. ಯಾವ ಬಡಾವಣೆ ಮೊದಲ ಆಯ್ಕೆ, ಯಾವುದು ಎರಡನೆಯದು ಎಂದು ಬರೆಯುವಾಗ ಅವನ ಎದುರಿಗಿರುವುದು ಒಂದು ಬ್ರೋಷರು ಮಾತ್ರ.

ಬ್ರೋಷರು ಒಂದು ಸಾಹಿತ್ಯ ಪ್ರಕಾರ ಅಂತ ಒಪ್ಪಿಕೊಂಡರೆ ಅದನ್ನು ಓದುವುದಕ್ಕೂ ಅಭ್ಯಾಸ ಬೇಕು. ಅದರ ವ್ಯಾಕರಣದಲ್ಲಿ ಎಲ್ಲವೂ ‘ಹತ್ತಿರ’. ಮೆಟ್ರೋ ಹತ್ತಿರ, ಹೆದ್ದಾರಿ ಹತ್ತಿರ, ಪ್ರಸ್ತಾವಿತ ಆಸ್ಪತ್ರೆಯೂ ಹತ್ತಿರ. ರಾಜಕಾಲುವೆ ಯಾವುದಕ್ಕೂ ಹತ್ತಿರವಿರುವುದಿಲ್ಲ. ಚಿತ್ರದಲ್ಲಿ ಮರಗಳಿರುತ್ತವೆ, ಮರದ ನೆರಳಿನಲ್ಲಿ ನಡೆಯುವ ಗಂಡ ಹೆಂಡತಿ ಮತ್ತು ಒಂದು ಮಗು ಇರುತ್ತಾರೆ, ಅಜ್ಜಿ ಇರುವುದಿಲ್ಲ. ಓದುಗರು ಮೂರ್ಖರಲ್ಲ ಎಂಬುದಕ್ಕೆ ಕಣಿಮಿಣಿಕೆ, ಕೊಮ್ಮಘಟ್ಟ, ಆಲೂರಿನ ಬಿಡಿಎ ಫ್ಲ್ಯಾಟುಗಳೇ ಸಾಕ್ಷಿ. ಮನೆಗಾಗಿ ಜನ ಹಪಹಪಿಸುವ ನಗರದಲ್ಲಿ, ಸರ್ಕಾರಿ ಸಂಸ್ಥೆಯೊಂದು ಕಟ್ಟಿದ ಮನೆಗಳು ವರ್ಷಗಟ್ಟಲೆ ಮಾರಾಟವಾಗದೆ ಉಳಿದವು, ರಿಯಾಯಿತಿ ಘೋಷಿಸಬೇಕಾಯಿತು. ಕೆಲಸದಿಂದ ದೂರ, ಬಸ್ಸಿಲ್ಲ, ನೀರಿನ ಖಾತ್ರಿಯಿಲ್ಲ ಎಂದು ಜನ ತಮ್ಮದೇ ವಿಮರ್ಶೆ ಬರೆದರು. ಕೊಳ್ಳದಿರುವುದೂ ಒಂದು ವಿಮರ್ಶೆಯೇ.

ಅದೇ ನಗರದ ಈಜಿಪುರದಲ್ಲಿ ಇದರ ಉಲ್ಟಾ ನಡೆದಿತ್ತು. ಕೋರಮಂಗಲದ ಅಂಚಿನಲ್ಲಿ, 15 ಎಕರೆಯಷ್ಟು ಜಾಗದಲ್ಲಿ, ಬಡವರಿಗೆಂದು ನಗರಪಾಲಿಕೆ ಕಟ್ಟಿದ ಸುಮಾರು 1500 ಮನೆಗಳಿದ್ದವು. ಕಟ್ಟಡ ಕಳಪೆ, 2007ರಲ್ಲಿ ಒಂದು ಬ್ಲಾಕು ಕುಸಿಯಿತು. ಉಳಿದವನ್ನೂ ಕೆಡವಿದ ಮೇಲೆ ಜನ ಅದೇ ಜಾಗದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಉಳಿದರು. 2013ರ ಜನವರಿಯಲ್ಲಿ ಅವನ್ನೂ ನೆಲಸಮ ಮಾಡಲಾಯಿತು. ಆ ಜಾಗದಲ್ಲಿ ಮಾಲ್ ಬರುವ ಒಪ್ಪಂದವಾಗಿತ್ತು. ಹಲವರಿಗೆ ತೋರಿಸಿದ ಬದಲಿ ಜಾಗ ಸರ್ಜಾಪುರ ರಸ್ತೆಯ ಕಡೆಯ ಸೂಲಿಕುಂಟೆ. ಹೊರಗಿನಿಂದ ನೋಡಿದರೆ ಲೆಕ್ಕ ಸರಳ: ಬೀಳುವ ಗೋಡೆಗಿಂತ ನಿಲ್ಲುವ ಗೋಡೆ ಮೇಲು. ಆದರೂ ಕೆಲವರು ಆ ಜಾಗದ ಪಕ್ಕದ ಪಾದಚಾರಿ ರಸ್ತೆಯಲ್ಲೇ ಬಹಳ ಕಾಲ ಉಳಿದರು. ಅವರಲ್ಲಿ ಬಹಳ ಹೆಂಗಸರು ಕೋರಮಂಗಲದ ಮನೆಗಳಲ್ಲಿ ಪಾತ್ರೆ ತೊಳೆಯುವವರು. ಬೆಳಿಗ್ಗೆ ಒಂದು ಮನೆ, ಹತ್ತು ಗಂಟೆಗೆ ಇನ್ನೊಂದು, ನಡುವೆ ಓಡಿಬಂದು ಮಗುವಿಗೆ ಉಣಿಸುವುದು. ಈ ಓಡಾಟವೇ ಅವರ ಸಂಬಳ. ನಡೆದು ಹೋಗುವ ದೂರ ಹೋದರೆ ಮನೆಯೂ ಹೋದಂತೆ. ಸೋರುವ ಸೂರು ಅವರ ಪಟ್ಟಿಯಲ್ಲಿ ಕೊರತೆಗಳ ಸಾಲಿನಲ್ಲಿ ಮೂರನೆಯದೋ ನಾಲ್ಕನೆಯದೋ ಇತ್ತು.

ಹಾಗಾದರೆ ಮೊದಲನೆಯದು ಯಾವುದು ಎಂಬುದು ಅರ್ಜಿದಾರ ಯಾವ ಊರಿನಿಂದ ಬಂದಿದ್ದಾನೆ ಎಂಬುದರ ಮೇಲೂ ನಿಂತಿದೆ. ಚಿಂಚೋಳಿ ಕಡೆಯ ಕೊಡ್ಲಿಯಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ತನಕದ ನಮ್ಮ ಸೀಮೆಯಲ್ಲಿ ನೆರೆ ಎಂದರೆ ಮೊದಲಿಂದಲೂ ಕಲ್ಲಿನ ಗಣಿ, ಸಿಮೆಂಟು, ರೈಲು. ಶಹಾಬಾದಿನ ಹಾಸುಗಲ್ಲು ದೇಶದ ಎಷ್ಟೋ ಮನೆಗಳ ನೆಲವಾಯಿತು. ಅದನ್ನು ಕೊರೆದ ಗುಂಡಿಗಳು ನಮ್ಮ ಊರುಗಳ ಪಕ್ಕ ಉಳಿದವು. ವಾಡಿಯಲ್ಲಿ ಎಸಿಸಿ, ಸೇಡಂನಲ್ಲಿ ವಾಸವದತ್ತಾ, ಮಳಖೇಡದಲ್ಲಿ ರಾಜಶ್ರೀ. ‘ಕವಿರಾಜಮಾರ್ಗ’ ಹುಟ್ಟಿದ ರಾಜಧಾನಿಯ ಆಕಾಶದಲ್ಲಿ ಈಗ ಸಿಮೆಂಟಿನ ಚಿಮಣಿ. (ಮಳಖೇಡಕ್ಕೆ ಸಾಹಿತ್ಯ ಪ್ರವಾಸ ಬರುವವರು ಕೋಟೆಯ ಫೋಟೋ ತೆಗೆಯುವಾಗ ಚಿಮಣಿ ಬೀಳದಂತೆ ಕ್ಯಾಮೆರಾ ವಾಲಿಸುತ್ತಾರೆ. ಅದೂ ಒಂಥರ ಬ್ರೋಷರೇ.) ಇಲ್ಲಿ ಧೂಳು ಬಿದ್ದರೆ ಅಂಗಳ ಗುಡಿಸುತ್ತಾರೆ, ಬೀಳುವುದು ನಿಂತರೆ ಕಾರ್ಖಾನೆ ಯಾಕೆ ಬಂದಾಯಿತು ಅಂತ ಗಾಬರಿಯಾಗುತ್ತಾರೆ. ಆ ಧೂಳು ಎದೆಗೆ ಒಳ್ಳೆಯದೆಂದು ಯಾರೂ ನಂಬಿಲ್ಲ. ಆದರೆ ಅದನ್ನು ಅನ್ನದ ಜೊತೆ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗುವುದನ್ನು ಅವರು ಬಹಳ ಹಿಂದೆಯೇ ಕಲಿತಿದ್ದಾರೆ. ಮಳೆ ಕೈಕೊಟ್ಟು ತೊಗರಿ ಹೋದ ವರ್ಷ ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದಿಗೆ ಗುಳೆ ಹೋಗುವಾಗ ಈ ತಕ್ಕಡಿಯನ್ನೂ ಹೊತ್ತುಕೊಂಡೇ ಹೋಗುತ್ತಾರೆ.

ಬಳಗದಲ್ಲಿ ನನಗೆ ಕಾಕಾ ಆಗಬೇಕಾದ ಒಬ್ಬರು ಬೆಂಗಳೂರಿನಲ್ಲಿ ಗೌಂಡಿ. ಅವರ ಅರ್ಜಿ ತುಂಬಿಕೊಟ್ಟವನು ನಾನು. ಆಯ್ಕೆಗೆ ಮೂರು ಜಾಗ ಇದ್ದವು. ಒಂದು ರಾಜಕಾಲುವೆಯ ಮಗ್ಗುಲಲ್ಲಿ, ಒಂದು ಊರಿನಾಚೆ ಬಸ್ಸಿಲ್ಲದ ಕಡೆ, ಇನ್ನೊಂದು ಕಸ ಸುರಿಯುವ ಜಾಗದಿಂದ ಎರಡು ಕಿಲೋಮೀಟರ್. ನಾನು ಮೊಬೈಲಿನಲ್ಲಿ ನಕಾಶೆ ತೆಗೆದು ಕಾಲುವೆಯ ವಾಸನೆ, ಸೊಳ್ಳೆ, ಮಳೆಗಾಲದಲ್ಲಿ ನೀರು ನುಗ್ಗುವ ಭಯ ಎಲ್ಲಾ ಹೇಳಿದೆ. ಅವರು ಕೇಳಿದ ಪ್ರಶ್ನೆಗಳು ಬೇರೆಯೇ ಇದ್ದವು. ಬೆಳಿಗ್ಗೆ ಕೂಲಿಗೆ ಮಂದಿ ನಿಲ್ಲುವ ಸರ್ಕಲ್ಲಿಗೆ ಎಷ್ಟು ಬಸ್ಸು ಬದಲಿಸಬೇಕು? ಕಿರಾಣಿ ಅಂಗಡಿಯವರು ಉದ್ರಿ ಕೊಡುತ್ತಾರಾ? ರೇಷನ್ ಕಾರ್ಡು ಅಲ್ಲಿ ನಡೆಯುತ್ತದಾ? ಕನ್ನಡ ಸಾಲಿ ಇದೆಯಾ?

“ಜ್ವಾಳ ಬೀಸೋ ಗಿರಣಿ ಅದ ಏನ್ ನೋಡು ತಮ್ಮಾ,” ಅಂದರು ಚಿಗವ್ವ.

“ವಾಸನಿ ಭಾಳ ಬರ್ತದಂತ ಅಲ್ಲಿ,” ಅಂತ ನಾನು ಮತ್ತೆ ಹೇಳಿದೆ.

“ಬರ್ಲಿ ಬಿಡು. ವಾಸನಿ ಬಂದ್ರ ಕಿಡಕಿ ಹಾಕ್ಕೋಬಹುದು. ಬಸ್ ಬರಲಿಲ್ಲಂದ್ರ ಏನ್ ಹಾಕ್ಕೋಬೇಕು?”

ಈ ಮಾತನ್ನು ಜಾಣ್ಮೆಯೆಂದು ಮೆಚ್ಚಿ ಮುಗಿಸಿಬಿಡುವುದು ನಮ್ಮಂಥ ಓದಿದವರ ಚಟ. ಅದರಲ್ಲಿ ಅಪಾಯವೂ ಇದೆ. ಬಡವರಿಗೆ ವಾಸನೆ ತಾಗುವುದಿಲ್ಲ ಎಂದು ತೀರ್ಮಾನಿಸಿದರೆ ಮುಂದಿನ ಯೋಜನೆಯನ್ನೂ ಕಾಲುವೆಯ ದಂಡೆಗೇ ಹಾಕಬಹುದು. ಚಿಗವ್ವನಿಗೆ ವಾಸನೆ ತಾಗುತ್ತದೆ. ಮೂರು ಕೆಟ್ಟ ಜಾಗಗಳ ನಡುವೆ ಆರಿಸು ಎಂದಾಗ ಅವರು ಆರಿಸಿದರು, ಅಷ್ಟೇ. ಆ ಮೂರನ್ನೇ ಪಟ್ಟಿಗೆ ಹಾಕಿದ್ದು ಯಾರು ಎಂಬ ಕಾಲಮ್ಮು ಅರ್ಜಿಯಲ್ಲಿ ಇರಲಿಲ್ಲ.

ಕೆಟ್ಟ ನೆರೆಯನ್ನು ಬಿಟ್ಟು ಒಳ್ಳೆಯ ಕಡೆಗೆ ಹೋಗುವುದಕ್ಕೆ ದುಡ್ಡು ಬಂದುಬಿಟ್ಟರೆ ಏನಾಗುತ್ತದೆ ಎಂಬುದನ್ನು ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಬರೆದಿದೆ. 2013ರ ಈ ನೀಳ್ಗತೆಯ ಬಗ್ಗೆ, ಶ್ರೀನಾಥ ಪೆರೂರ್ ಅವರ ಇಂಗ್ಲಿಷ್ ಅನುವಾದದ ನಂತರ, ಬೇಕಾದಷ್ಟು ಚರ್ಚೆಯಾಗಿದೆ. ಹಣ ಮನುಷ್ಯರನ್ನು ಹೇಗೆ ಕೆಡಿಸುತ್ತದೆ ಎಂಬ ಸಾಲಿಗೇ ಬಹಳ ಜನ ನಿಂತರು. ನನಗೆ ಅದರಲ್ಲಿ ಎರಡು ಮನೆಗಳ ನಡುವಿನ ಅಂತರ ಮುಖ್ಯ ಅನ್ನಿಸುತ್ತದೆ. ಹಳೆಯ ಮನೆ ರೈಲಿನ ಬೋಗಿಗಳ ಹಾಗೆ ಒಂದರ ಹಿಂದೊಂದು ಕೋಣೆ ಇರುವಂಥದ್ದು. ಗುಟ್ಟು ಉಳಿಯುವುದಿಲ್ಲ. ಇರುವೆಗಳು ಬೇರೆ. ಅಮ್ಮ ಅವುಗಳ ಮೇಲೆ ಹೂಡುವ ಯುದ್ಧದಲ್ಲಿ ಮನೆಯವರೆಲ್ಲ ಸೈನಿಕರು. ಆ ಮನೆಯ ಕೊರತೆಗಳೆಲ್ಲ ಹೊರಗಿನವು, ಎಲ್ಲರಿಗೂ ಸೇರಿದವು. ಮಸಾಲೆ ವ್ಯಾಪಾರದ ದುಡ್ಡಿನಿಂದ ಊರಿನ ಇನ್ನೊಂದು ಭಾಗದ ದೊಡ್ಡ ಮನೆಗೆ ಬಂದ ಮೇಲೆ ಎಲ್ಲರಿಗೂ ಒಂದೊಂದು ಕೋಣೆ. ನೆರೆಯ ತೊಂದರೆ ಎಂಬುದೇ ಇಲ್ಲ, ಯಾಕೆಂದರೆ ಕಥೆಯ ಲೆಕ್ಕಕ್ಕೆ ನೆರೆ ಎಂಬುದೇ ಇಲ್ಲ. ಆಗ ಒಂದು ದಿನ ಚಿಕ್ಕಪ್ಪನನ್ನು ಹುಡುಕಿಕೊಂಡು, ಅವನಿಗಾಗಿ ಮಾಡಿದ ಅಡುಗೆ ಹಿಡಿದು ಹೆಂಗಸೊಬ್ಬಳು ಬಾಗಿಲಿಗೆ ಬರುತ್ತಾಳೆ. ಮನೆಯ ಹೆಂಗಸರು ಅವಳನ್ನು ಬೈದು ಅಟ್ಟುತ್ತಾರೆ. ಇರುವೆಗಳನ್ನು ಹೊಸಕಿದ ಅಭ್ಯಾಸ ಹೊಸ ಮನೆಯಲ್ಲಿ ಮನುಷ್ಯರ ಮೇಲೆ ತಿರುಗಿದ ಗಳಿಗೆ ಅದು. ಶಾನಭಾಗರು ಇದನ್ನು ಎಲ್ಲೂ ಬಿಡಿಸಿ ಹೇಳುವುದಿಲ್ಲ. ನಿರೂಪಕ ಸುಮ್ಮನೆ ನೋಡುತ್ತಾನೆ, ಒಳಗೊಳಗೇ ಮುಜುಗರಪಡುತ್ತಾನೆ, ಹೊರಗೆ ಹೋಗಿ ಒಂದು ಮಾತೂ ಆಡುವುದಿಲ್ಲ.

ಹಳೆಯ ಮನೆಯನ್ನು ಈ ಕೃತಿ ಹಾಡಿಹೊಗಳುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಇರುವೆಗಳು ಇರುವೆಗಳೇ. ಕತ್ತಲೆ ಕತ್ತಲೆಯೇ. ಬಡತನದ ಒಗ್ಗಟ್ಟನ್ನು ನೆನೆದು ಕಣ್ಣೊರೆಸಿಕೊಳ್ಳುವ ಬರಹ ಕನ್ನಡದಲ್ಲಿ ಸಾಕಷ್ಟಿದೆ, ಇದು ಆ ಜಾತಿಯದಲ್ಲ. ಆದರೆ ‘ಮನೆ’ ಮತ್ತು ‘ಘಾಚರ್ ಘೋಚರ್’ ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದು ವಿಷಯ ಕಾಣುತ್ತದೆ. ಎರಡರಲ್ಲೂ ನೆಮ್ಮದಿಗೆ ದಾರಿ ಎಂದರೆ ಯಾರನ್ನೋ ಹೊರಗೆ ಹಾಕುವುದು, ಮತ್ತು ಎರಡನ್ನೂ ನಾವು ಓದುವುದು, ನೋಡುವುದು ಹೊರಗೆ ಹಾಕಿದವರ ಕೋಣೆಯೊಳಗೆ ಕೂತು. ಶೆಡ್ಡಿನ ಕೆಲಸಗಾರರಿಗೆ ಆ ಸಪ್ಪಳ ಹೇಗೆ ಕೇಳುತ್ತಿತ್ತು? ಅವರಿಗೂ ಅದು ಸಪ್ಪಳವೇ ಆಗಿತ್ತೋ, ದಿನಗೂಲಿಯ ಲೆಕ್ಕವಾಗಿತ್ತೋ? ಕಾಸರವಳ್ಳಿಯವರ ಕೇಂದ್ರ ಗಂಡ ಹೆಂಡತಿಯೇ. ಅವರಿಗೆ ತಪ್ಪಿನ ಅರಿವನ್ನು ಕೊಡುವಲ್ಲಿ ಚಿತ್ರ ನಿಷ್ಠುರವಾಗಿದೆ, ಆ ಮಟ್ಟಿಗೆ ಅದು ದೊಡ್ಡ ಚಿತ್ರ. ಆದರೆ ತಪ್ಪಿನ ಅರಿವು ಕೂಡ ಒಳಗಿರುವವರ ಆಸ್ತಿಯೇ. ಶೆಡ್ಡಿನವರಿಗೆ ಬೇಕಾಗಿದ್ದದ್ದು ಶೆಡ್ಡು.

ಮುಂಬಯಿಯ ಚಾಳುಗಳನ್ನು ಬರೆದ ಜಯಂತ ಕಾಯ್ಕಿಣಿಯವರ ಕಥೆಗಳಲ್ಲಿ ನೆರೆಮನೆಯ ರೇಡಿಯೋ, ನಲ್ಲಿಯ ಸಾಲು, ತೆಳ್ಳಗಿನ ಗೋಡೆ ಇವೆಲ್ಲ ಕೊರತೆಗಳಾಗಿ ಬರುವುದಕ್ಕಿಂತ ಹೆಚ್ಚು ಪರಿಚಯಗಳಾಗಿ ಬರುತ್ತವೆ. ಅಲ್ಲಿ ಮಮತೆ ಜಾಸ್ತಿಯಾಯಿತು ಅನ್ನಿಸುವ ಗಳಿಗೆಗಳೂ ಇವೆ, ಚಾಳಿನ ನಲ್ಲಿಯಲ್ಲಿ ನಿಜವಾಗಿ ನಡೆಯುವ ಜಗಳ ಅಷ್ಟು ಮುದ್ದಾಗಿರುವುದಿಲ್ಲ. ಕಲಬುರಗಿಯ ಗೀತಾ ನಾಗಭೂಷಣ ಆ ಜಗಳವನ್ನು ಬಲ್ಲವರು. ಎಂಎಸ್‌ಕೆ ಮಿಲ್ಲಿನ ಕಾರ್ಮಿಕನ ಮಗಳು. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಬದುಕು’ ಕಾದಂಬರಿಯಲ್ಲಿ ಕೆಳಗಿನ ಮಂದಿಯ ಜೀವನವನ್ನು ಅವರದೇ ಮಾತಿನಲ್ಲಿ ಬರೆದವರು. ಶೆಡ್ಡಿನ ಒಳಗಿನಿಂದ ಕೇಳುವ ಕನ್ನಡ ಹೇಗಿರಬಹುದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಆ ಕಡೆಗೆ. ಬೆಂಗಳೂರಿನ ಶೆಡ್ಡುಗಳ ಬಗ್ಗೆ ಅಂಥ ಕಾದಂಬರಿಗೆ ನಾನಿನ್ನೂ ಕಾಯುತ್ತಿದ್ದೇನೆ.

ಕಾಯುವುದಕ್ಕೆ ಕಾರಣವಿದೆ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ನೂರಾರು ಶೆಡ್ಡುಗಳನ್ನು ಕೆಡವಿದರು. ಅಲ್ಲಿರುವವರು ಬಾಂಗ್ಲಾದೇಶದಿಂದ ಅಕ್ರಮವಾಗಿ ಬಂದವರು ಎಂಬುದು ಕೊಟ್ಟ ಕಾರಣ. ಹೋಗಿ ನೋಡಿದವರಿಗೆ ಸಿಕ್ಕಿದ್ದು ಅಸ್ಸಾಂ, ತ್ರಿಪುರಾ, ಬಂಗಾಳದವರು, ಮತ್ತು ಉತ್ತರ ಕರ್ನಾಟಕದ ನಮ್ಮ ಮಂದಿ. ಹೈಕೋರ್ಟು ಆ ತೆರವನ್ನು ಕಟುವಾಗಿ ಪ್ರಶ್ನಿಸಿತು, ನೆಲೆ ಕಳೆದುಕೊಂಡವರ ಪುನರ್ವಸತಿಯ ಮಾತೆತ್ತಿತು. ಸುತ್ತ ಎತ್ತರದ ಅಪಾರ್ಟ್‌ಮೆಂಟುಗಳಿರುವ ಜಾಗ ಅದು. ಅಲ್ಲಿ ಮನೆ ಕೊಳ್ಳುವವರು ತೂಗಿ ನೋಡುವ ‘ನೆರೆಯ ಕೊರತೆ’ಗಳ ಪಟ್ಟಿಯಲ್ಲಿ ಆ ನೀಲಿ ತಾಡಪಾಲುಗಳು ಖಂಡಿತ ಇದ್ದಿರಬೇಕು. ರಾಜಣ್ಣನ ಕಥೆ ಮೂವತ್ತು ವರ್ಷದ ಮೇಲೆ ಮತ್ತೆ ನಡೆದಂತಾಯಿತು. ಈ ಸಲ ಶೆಡ್ಡಿನಲ್ಲಿದ್ದವರಲ್ಲಿ ನಮ್ಮ ಕಡೆಯವರೂ ಇದ್ದರು.

ಕೊಡ್ಲಿ ಕಡೆಯ ಗೌಂಡಿಯೊಬ್ಬ ಅರ್ಜಿ ತುಂಬುವಾಗ ತಕ್ಕಡಿಯ ಎರಡೂ ಕಡೆ ನಿಂತಿರುತ್ತಾನೆ ಎನ್ನುವುದು ಇದಕ್ಕೇ. ಒಂದು ಕಡೆ ಅವನು ಕಾಲುವೆಯನ್ನು, ಕಸವನ್ನು, ಬಸ್ಸನ್ನು ತೂಗುತ್ತಿರುತ್ತಾನೆ. ಇನ್ನೊಂದು ಕಡೆ ಬೇರೆ ಯಾರೋ ಅವನನ್ನು ತೂಗುತ್ತಿರುತ್ತಾರೆ. ಅವನು ತಾನೇ ಕಟ್ಟಿದ ಅಪಾರ್ಟ್‌ಮೆಂಟಿನ ಕಿಟಕಿಯಿಂದ ನೋಡಿದರೆ ಅವನ ಶೆಡ್ಡು ಒಂದು ಕೊರತೆ. ಅವನಿಗೆ ಫ್ಲ್ಯಾಟು ಸಿಕ್ಕರೂ ಈ ತೂಕ ನಿಲ್ಲುವುದಿಲ್ಲ. ಅಲ್ಲಿ ಮೇಲೆ, ಕೆಳಗೆ, ಅಕ್ಕಪಕ್ಕ, ಎಲ್ಲಾ ದಿಕ್ಕಿನಲ್ಲೂ ಕಿವಿಗಳಿರುತ್ತವೆ.

ಚಿಗವ್ವನಿಗೆ ಇದು ಗೊತ್ತಿತ್ತು, ನನಗಿಂತ ಚೆನ್ನಾಗಿ. ಅವರು ಈಗಿರುವ ಬಾಡಿಗೆ ಮನೆ ಎರಡನೇ ಮಹಡಿಯಲ್ಲಿದೆ. ಬೆಳಿಗ್ಗೆ ಐದಕ್ಕೆ ಎದ್ದು ಜೋಳದ ರೊಟ್ಟಿ ಬಡಿಯುತ್ತಾರೆ, ಕಾಕಾ ಏಳಕ್ಕೆ ಬುತ್ತಿ ಕಟ್ಟಿಕೊಂಡು ಹೋಗಬೇಕು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ, ಲಟ್ಟಿಸಿದರೆ ಹರಿಯುತ್ತದೆ, ಬಡಿಯಲೇಬೇಕು. ಹತ್ತು ಹನ್ನೆರಡು ರೊಟ್ಟಿಯೆಂದರೆ ಮುಕ್ಕಾಲು ಗಂಟೆ ಪಟಪಟ ಸಪ್ಪಳ. ನಮ್ಮ ಊರಲ್ಲಿ ಆ ಸಪ್ಪಳ ಕೇಳದಿದ್ದರೆ ಆ ಮನೆಯಲ್ಲಿ ಯಾರಿಗೋ ಮೈಯಲ್ಲಿ ಹುಷಾರಿಲ್ಲ ಅಂದುಕೊಳ್ಳುತ್ತಾರೆ. ಅಲ್ಲಿ ಕೆಳಗಿನ ಮನೆಯವರು ಮಾಲೀಕನಿಗೆ ಎರಡು ಸಲ ದೂರು ಕೊಟ್ಟಿದ್ದಾರೆ. ಚಿಗವ್ವ ಕೊಣಮಿಗೆಯ ಕೆಳಗೆ ಹಳೇ ಕೌದಿ ಮಡಚಿ ಹಾಕಿ ನೋಡಿದರು. ಸಪ್ಪಳ ಕಡಿಮೆಯಾಯಿತು, ರೊಟ್ಟಿ ಸರಿಯಾಗಿ ತಿರುಗಲಿಲ್ಲ.

ಅರ್ಜಿಯ ಕೊನೆಯಲ್ಲಿ ಮಹಡಿಯ ಆಯ್ಕೆ ಕೇಳುವ ಒಂದು ಕಾಲಮ್ಮು ಇತ್ತು. ಕಾಲುವೆಯ ಪಕ್ಕದ ಜಾಗವನ್ನೇ ಮೊದಲ ಆಯ್ಕೆಯಾಗಿ ಬರೆಸಿದ ಮೇಲೆ, ಮಳೆಗಾಲದಲ್ಲಿ ನೀರು ಬರಬಹುದು, ಮೇಲಿನ ಮಹಡಿಯೇ ಒಳ್ಳೆಯದು ಅಂತ ನಾನು ಹೇಳಿದೆ. ಚಿಗವ್ವ ಒಂದಿಷ್ಟು ಹೊತ್ತು ಸುಮ್ಮನಿದ್ದು, “ನೆಲದ ಮ್ಯಾಲಿಂದೇ ಬರಿ ತಮ್ಮಾ,” ಅಂದರು. “ನೀರ ಬಂದ್ರ ವರ್ಷಕ್ಕ ಎರಡ್ ದಿನ ಬರ್ತಾವ. ರೊಟ್ಟಿ ದಿನಾ ಬಡೀಬೇಕು. ಕೆಳಗ ಯಾರೂ ಇರಬಾರ್ದು.”